ಹೆಸರಿಲ್ಲದ ಹೋಟೆಲ್, ನೆಲದ ಮೇಲೆ ಅಪ್ಪ

ಅಪ್ಪ-ಅಮ್ಮ ಮೊದಲ ಸಲ ಅಮೆರಿಕಕ್ಕೆ ಬಂದಿದ್ದು 2023ರ ಸೆಪ್ಟೆಂಬರ್‌ನಲ್ಲಿ. ನಾನಿರೋದು ಓಹಾಯೊದ ಕೊಲಂಬಸ್‌ನಲ್ಲಿ. ಎರಡು ವಾರ ಪಾರ್ಕು, ಮಾಲು ಅಂತ ಸುತ್ತಿದ ಮೇಲೆ ಒಂದು ದಿನ ಅಪ್ಪ ಮೆಲ್ಲಗೆ ಕೇಳಿದರು: “ನ್ಯೂಯಾರ್ಕು ಇಲ್ಲಿಂದ ತುಂಬಾ ದೂರ ಆಗತ್ತಾ?”

ತೀರ್ಥಹಳ್ಳಿ ಹತ್ತಿರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ಪಾಠ ಮಾಡಿದವರು ಅವರು. ಲಿಬರ್ಟಿ ಪ್ರತಿಮೆ ಬಗ್ಗೆ ಎಷ್ಟು ಬ್ಯಾಚಿನ ಮಕ್ಕಳಿಗೆ ಹೇಳಿದ್ದಾರೋ! ಅದನ್ನು ಕಣ್ಣಾರೆ ನೋಡೋ ಆಸೆ ಇರಲ್ವಾ?

ವಿಮಾನದ ಟಿಕೆಟ್ ಅಗ್ಗಕ್ಕೇ ಸಿಕ್ಕಿತು. ಸಮಸ್ಯೆ ಆಗಿದ್ದು ಹೋಟೆಲ್. ಅಕ್ಟೋಬರ್ ಅಂದ್ರೆ ನ್ಯೂಯಾರ್ಕ್‌ನಲ್ಲಿ ಸೀಸನ್. ಮ್ಯಾನ್‌ಹಟನ್‌ನಲ್ಲಿ ಒಂದು ಸುಮಾರಾದ ಹೋಟೆಲ್ ನೋಡಿದೆ, ರಾತ್ರಿಗೆ 310 ಡಾಲರ್. ಅಪ್ಪ ಹಿಂದಿನಿಂದ ಲ್ಯಾಪ್‌ಟಾಪ್ ಇಣುಕಿ, ಮನಸ್ಸಲ್ಲೇ 83ರಿಂದ ಗುಣಿಸಿದರು. “ಒಂದು ರಾತ್ರಿ ಮಲಗೋಕೆ ಇಪ್ಪತ್ತೈದು ಸಾವಿರವಾ? ಬೇಡ ಬಿಡು ಪುಟ್ಟಿ, ಯೂಟ್ಯೂಬಲ್ಲಿ ನೋಡ್ತೀನಿ.”

ಅವತ್ತು ರಾತ್ರಿ ಅವರು ಮಲಗಿದ ಮೇಲೆ, ಆಫೀಸಿನ ಗೆಳೆಯರು ಹೇಳುತ್ತಿದ್ದ ‘ಮಿಸ್ಟರಿ ಹೋಟೆಲ್’ ಸೈಟುಗಳನ್ನು ತೆರೆದು ಕೂತೆ.

ಏನಿದು ಮಿಸ್ಟರಿ?

ಈ ವ್ಯವಹಾರ ಹೊಸದೇನಲ್ಲ. ಪ್ರೈಸ್‌ಲೈನ್ 1998ರಲ್ಲಿ ಶುರುವಾಯಿತು, ಹಾಟ್‌ವೈರ್ 2000ದಲ್ಲಿ. ಒಂದರಲ್ಲಿ ‘ಎಕ್ಸ್‌ಪ್ರೆಸ್ ಡೀಲ್’ ಅಂತಾರೆ, ಇನ್ನೊಂದರಲ್ಲಿ ‘ಹಾಟ್ ರೇಟ್’. ವಿಷಯ ಒಂದೇ. ಎಷ್ಟು ಸ್ಟಾರ್, ಯಾವ ಏರಿಯಾ, ಹಿಂದೆ ಉಳಿದವರು ಹತ್ತಕ್ಕೆ ಎಷ್ಟು ಅಂಕ ಕೊಟ್ಟಿದ್ದಾರೆ, ವೈಫೈ-ಜಿಮ್ ಇದೆಯಾ, ಇಷ್ಟನ್ನು ತೋರಿಸ್ತಾರೆ. ಹೋಟೆಲ್ ಹೆಸರು ಮಾತ್ರ ದುಡ್ಡು ಕಟ್ಟಿದ ಮೇಲೆ. ಕಟ್ಟಿದ ಮೇಲೆ ಸಾಮಾನ್ಯವಾಗಿ ರದ್ದು ಇಲ್ಲ, ವಾಪಸ್ಸೂ ಇಲ್ಲ.

ಹೋಟೆಲಿನವರು ಯಾಕೆ ಹೀಗೆ ಮಾರ್ತಾರೆ? ಇವತ್ತು ಖಾಲಿ ಉಳಿದ ರೂಮನ್ನು ನಾಳೆ ಮಾರೋಕಾಗಲ್ಲ. ಸಂತೆಯ ಕೊನೆಯಲ್ಲಿ ಉಳಿದ ಕೊತ್ತಂಬರಿ ಸೊಪ್ಪಿನ ಹಾಗೆ. ಆದರೆ ಎಲ್ಲರೆದುರು ಬೆಲೆ ಇಳಿಸಿದರೆ, ಪೂರ್ತಿ ದುಡ್ಡು ಕೊಟ್ಟವರು ಸುಮ್ಮನಿರ್ತಾರಾ? ಅದಕ್ಕೇ ಹೆಸರು ಮುಚ್ಚಿಟ್ಟು ಮಾರೋದು. ಸೀರೆ ಅಂಗಡಿಯವರು ದನಿ ತಗ್ಗಿಸಿ “ನಿಮಗೆ ಅಂತ ಕೊಡ್ತಿದ್ದೀನಿ, ಹೊರಗೆ ಹೇಳ್ಬೇಡಿ” ಅಂತಾರಲ್ಲ, ಅದೇ ಲೆಕ್ಕ.

ಹೆಸರನ್ನು ಸ್ವಲ್ಪ ಮಟ್ಟಿಗೆ ಊಹಿಸಬಹುದು. ಅದೇ ಏರಿಯಾ, ಅಷ್ಟೇ ಸ್ಟಾರ್, ಅದೇ ಸೌಲಭ್ಯಗಳಿರೋ ಹೋಟೆಲ್‌ಗಳನ್ನು ಮಾಮೂಲಿ ಪಟ್ಟಿಯಲ್ಲಿ ಫಿಲ್ಟರ್ ಮಾಡಿ ನೋಡಿದರೆ, ಕೊನೆಗೆ ಎರಡೋ ಮೂರೋ ಉಳಿಯುತ್ತವೆ. ಡೀಬಗ್ ಮಾಡೋ ಕೆಲಸದವಳಿಗೆ ಇದಕ್ಕಿಂತ ಮಜಾ ಬೇಕಾ? ರಾತ್ರಿ ಒಂದರವರೆಗೆ ಕೂತು ಮೂರಕ್ಕೆ ಇಳಿಸಿದೆ. ಮೂರರಲ್ಲಿ ಯಾವುದು ಸಿಕ್ಕರೂ ಪರವಾಗಿಲ್ಲ ಅನ್ನಿಸಿತು. ನಾಲ್ಕು ಸ್ಟಾರ್, ಮಿಡ್‌ಟೌನ್ ಈಸ್ಟ್, ರಾತ್ರಿಗೆ 189 ಡಾಲರ್. ಮೂರು ರಾತ್ರಿಗೆ 363 ಡಾಲರ್ ಉಳಿತಾಯ!

ಒಂದು ಸಣ್ಣ ಜಾಣತನವನ್ನೂ ಮಾಡಿದೆ. ‘ಮೂವರು’ ಅಂತ ಹಾಕಿದಾಗ ಈ ಡೀಲ್ ಕಾಣಿಸಲಿಲ್ಲ. ‘ಇಬ್ಬರು’ ಅಂತ ಹಾಕಿದೆ, ಬಂತು. ಅಮೆರಿಕದ ರೂಮಲ್ಲಿ ಎರಡು ದೊಡ್ಡ ಮಂಚ ಇದ್ದೇ ಇರುತ್ತೆ, ಅಡ್ಜಸ್ಟ್ ಮಾಡಿದರಾಯ್ತು ಅಂದುಕೊಂಡೆ. ದುಡ್ಡು ಕಟ್ಟಿದೆ. ಹೆಸರು ಬಂತು. ಊಹಿಸಿದ ಮೂರರಲ್ಲಿ ಒಂದು! ಬೆಳಗ್ಗೆ ಅಪ್ಪನಿಗೆ ಹೇಳಿದಾಗ ನನ್ನ ಮುಖದಲ್ಲಿ ಪರೀಕ್ಷೆಯಲ್ಲಿ ರ‍್ಯಾಂಕ್ ಬಂದ ಕಳೆ ಇದ್ದಿರಬೇಕು.

ಒಂದೇ ಮಂಚ

ಲಾಗಾರ್ಡಿಯಾ ಏರ್‌ಪೋರ್ಟ್‌ನಿಂದ ಜಾಕ್ಸನ್ ಹೈಟ್ಸ್‌ಗೆ ಕ್ಯೂ70 ಬಸ್ ಉಚಿತ. ಅಲ್ಲಿಂದ 7ನೇ ನಂಬರಿನ ಟ್ರೇನಿಗೆ ಆಗ ತಲಾ 2.90 ಡಾಲರ್ ಇತ್ತು, ನೇರ ಗ್ರ್ಯಾಂಡ್ ಸೆಂಟ್ರಲ್. ಅಲ್ಲಿವರೆಗೂ ಎಲ್ಲ ನನ್ನ ಎಕ್ಸೆಲ್ ಶೀಟಿನ ಪ್ರಕಾರವೇ ನಡೆಯಿತು.

ಆದರೆ ‘ಮಿಡ್‌ಟೌನ್ ಈಸ್ಟ್’ ಅನ್ನೋದು ಮ್ಯಾಪಿನಲ್ಲಿ ಒಂದು ದೊಡ್ಡ ಚೌಕ. ನಮ್ಮ ಹೋಟೆಲ್ ಇದ್ದದ್ದು ಅದರ ಪೂರ್ವದ ತುದಿಯಲ್ಲಿ, ಫಸ್ಟ್ ಅವೆನ್ಯೂ ಹತ್ತಿರ. ಮ್ಯಾನ್‌ಹಟನ್‌ನಲ್ಲಿ ಉತ್ತರ-ದಕ್ಷಿಣದ ಬ್ಲಾಕ್ ಚಿಕ್ಕದು, ಪೂರ್ವ-ಪಶ್ಚಿಮದ್ದು ಉದ್ದ. ನನಗೆ ಹದಿನೈದು ನಿಮಿಷದ ನಡಿಗೆ ಅಮ್ಮನ ಮಂಡಿನೋವಿಗೆ ಮುಕ್ಕಾಲು ಗಂಟೆ ಆಯಿತು. 42ನೇ ಸ್ಟ್ರೀಟಿನಲ್ಲಿ ಅಡ್ಡಕ್ಕೆ ಓಡಾಡೋ ಎಂ42 ಬಸ್ ಇದೆ ಅಂತ ಗೊತ್ತಾಗಿದ್ದು ಮಾರನೇ ದಿನ.

ರಿಸೆಪ್ಷನ್‌ನಲ್ಲಿ ಎರಡು ವಿಷಯ ಗೊತ್ತಾಯಿತು. ಒಂದು, ದಿನಕ್ಕೆ 35 ಡಾಲರ್ ‘ಸೌಲಭ್ಯ ಶುಲ್ಕ’ ಬೇರೆ ಕೊಡಬೇಕು, ಅದರ ಮೇಲೆ ತೆರಿಗೆಯೂ ಉಂಟು. ಬುಕಿಂಗ್ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಅದು ಇತ್ತು, ನಾನು ಓದಿರಲಿಲ್ಲ. ಉಳಿತಾಯದ ಮೂರನೇ ಒಂದು ಭಾಗ ಅಲ್ಲೇ ಹೋಯಿತು. ಎರಡನೆಯದು, ರೂಮಲ್ಲಿ ಒಂದೇ ಮಂಚ.

ನಾವು ಮೂವರು, ಎರಡು ಮಂಚದ ರೂಮು ಕೊಡಿ ಅಂದೆ. ಎಲ್ಲ ಭರ್ತಿ. ಮಡಿಸೋ ಮಂಚ? ಆ ರೂಮಲ್ಲಿ ಅದನ್ನು ಬಿಡಿಸೋಕೆ ಜಾಗವಿಲ್ಲ. ನೀವು ಇಬ್ಬರಿಗೆ ಅಂತ ತಗೊಂಡಿದ್ದೀರಿ, ಮಂಚದ ಗ್ಯಾರಂಟಿ ಈ ದರದಲ್ಲಿ ಇಲ್ಲ ಅಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕೊನೆಗೆ ಮೂವರ ಹೆಸರೂ ಬರೆದುಕೊಂಡು ಎರಡು ಕಂಬಳಿ ಹೆಚ್ಚಿಗೆ ಕೊಟ್ಟರು.

ನೆಲದ ಮೇಲೆ ನಾನು ಮಲಗ್ತೀನಿ ಅಂತ ಜಗಳ ಮಾಡಿಯೇ ಮಲಗಿದೆ. ರಾತ್ರಿ ಮೂರು ಗಂಟೆಗೆ ಬಾತ್‌ರೂಮಿಗೆ ಹೋಗಿ ಬಂದಾಗ ನೋಡಿದರೆ, ನನ್ನ ಜಾಗದಲ್ಲಿ ಅಪ್ಪ. ಮಂಚಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಒತ್ತರಿಸಿಕೊಂಡು, ಸ್ವೆಟರ್ ಮಡಚಿ ತಲೆಗಿಟ್ಟುಕೊಂಡು ಮಲಗಿದ್ದಾರೆ.

“ಅಪ್ಪ, ಮೇಲೆ ಬನ್ನಿ.”

“ಹಾಸಿಗೆ ತುಂಬಾ ಮೆತ್ತಗಿದೆ ಕಣೇ, ಸೊಂಟ ಹಿಡಿಯತ್ತೆ. ನಂಗೆ ನೆಲವೇ ಒಳ್ಳೇದು.”

ಅವರಿಗೆ ಆಗ ಅರವತ್ತಾರು. ಮೂರು ರಾತ್ರಿಯೂ ಹಾಗೇ ನಡೆಯಿತು. ಉಳಿದಿದ್ದ ಡಾಲರನ್ನು ಎಷ್ಟರಿಂದ ಗುಣಿಸಿದರೂ ನನಗೆ ಸಮಾಧಾನ ಆಗಲಿಲ್ಲ.

ಹಡಗು, ದೋಸೆ

ಹಗಲು ಮಾತ್ರ ಚೆನ್ನಾಗಿತ್ತು. ಸ್ಟಾಟನ್ ಐಲೆಂಡ್ ಫೆರಿಗೆ ಟಿಕೆಟ್ಟೇ ಇಲ್ಲ. ಮ್ಯಾನ್‌ಹಟನ್‌ನಿಂದ ಹೋಗುವಾಗ ಬಲಗಡೆ ನಿಂತರೆ ಪ್ರತಿಮೆ ಕಾಣುತ್ತೆ. ಅಪ್ಪ ಕಂಬಿ ಹಿಡಿದು ನಿಂತವರು, ಅದು ದಾಟಿ ಹೋಗುವವರೆಗೂ ಮಾತಾಡಲಿಲ್ಲ. ಆಮೇಲೆ ಪಾಠದ ದನಿಯಲ್ಲಿ ಶುರುಮಾಡಿದರು: ಫ್ರಾನ್ಸ್ ಕೊಟ್ಟ ಉಡುಗೊರೆ, 1886, ತಾಮ್ರದ ತಗಡು, ಅದಕ್ಕೇ ಹಸಿರು. ಪಕ್ಕದಲ್ಲಿದ್ದ ಮಗುವೊಂದು ಕನ್ನಡ ಬಾರದಿದ್ದರೂ ಬಾಯಿ ಬಿಟ್ಟು ಕೇಳುತ್ತಿತ್ತು.

ಕೊನೆಯ ದಿನ ಅದೇ 7ನೇ ನಂಬರಿನ ಟ್ರೇನ್ ಹಿಡಿದು ಕೊನೇ ಸ್ಟಾಪ್ ಫ್ಲಶಿಂಗ್‌ಗೆ ಹೋದೆವು. ಅಲ್ಲಿ ಬೌನ್ ಸ್ಟ್ರೀಟಿನ ಗಣೇಶ ದೇವಸ್ಥಾನದ ನೆಲಮಾಳಿಗೆಯಲ್ಲಿ ಕ್ಯಾಂಟೀನ್ ಇದೆ. ಅಮ್ಮ ದೋಸೆ ತಿಂದು, “ಆ ಹೋಟೆಲಿಗಿಂತ ಇಲ್ಲೇ ಮಲಗಿದ್ರೆ ಆಗ್ತಿತ್ತು” ಅಂದರು. ಮೂವರೂ ನಕ್ಕೆವು. ನಾನು ಸ್ವಲ್ಪ ಕಡಿಮೆ ನಕ್ಕೆ.

ಈಗ ನಾನು ಮಾಡೋದು

ಮಿಸ್ಟರಿ ಬುಕಿಂಗ್ ಬಿಟ್ಟಿಲ್ಲ. ಒಬ್ಬಳೇ ಶಿಕಾಗೊಗೆ ಹೋದಾಗ ಎರಡು ಸಲ ಹೀಗೇ ಉಳಿದೆ, ಎರಡೂ ಸಲ ಲಾಭವೇ. ನನಗೆ ಯಾವ ಮಂಚವಾದರೂ ಆದೀತು, ಎಷ್ಟು ದೂರವಾದರೂ ನಡೆದೇನು. ಅಲ್ಲಿ ರಿಯಾಯಿತಿಗೆ ಬದಲಾಗಿ ನಾನು ಬಿಟ್ಟುಕೊಡೋದು ನನಗೆ ಬೇಡದ್ದನ್ನೇ. ಅಪ್ಪ-ಅಮ್ಮನ ಜೊತೆ ಹೋದಾಗ ಬಿಟ್ಟುಕೊಟ್ಟಿದ್ದು ಅವರಿಗೆ ಬೇಕಾದದ್ದನ್ನು.

ನೀವೂ ಪ್ರಯತ್ನಿಸೋದಾದರೆ ಇಷ್ಟು ನೋಡಿಕೊಳ್ಳಿ. ಎಷ್ಟು ಜನವೋ ಅಷ್ಟೇ ಹಾಕಿ. ಏರಿಯಾದ ಗಡಿ ಎಲ್ಲಿಂದ ಎಲ್ಲಿಗೆ ಅಂತ ಮ್ಯಾಪ್‌ನಲ್ಲಿ ನೋಡಿ, ಅತಿ ದೂರದ ಮೂಲೆಯೇ ನಿಮಗೆ ಸಿಗುತ್ತೆ ಅಂದುಕೊಳ್ಳಿ. ಎಲ್ಲ ಸೇರಿಸಿದ ಕೊನೆಯ ಮೊತ್ತವನ್ನೇ ಹೋಲಿಸಿ. 2025ರ ಮೇ 12ರಿಂದ ಅಮೆರಿಕದಲ್ಲಿ ಇಂಥ ಕಡ್ಡಾಯ ಶುಲ್ಕವನ್ನು ಮೊದಲೇ ಬೆಲೆಯಲ್ಲಿ ಸೇರಿಸಿ ತೋರಿಸಬೇಕು ಅನ್ನೋ ನಿಯಮ ಬಂದಿದೆ. ಆದರೆ ಸರ್ಕಾರದ ತೆರಿಗೆ ಆಮೇಲೆ ಸೇರಬಹುದು. ನ್ಯೂಯಾರ್ಕ್‌ನಲ್ಲಿ ಅದು 14.75%, ಜೊತೆಗೆ ರಾತ್ರಿಗೆ 3.50 ಡಾಲರ್. ಪ್ರಯಾಣದ ದಿನಾಂಕ ಬದಲಾಗೋ ಸಾಧ್ಯತೆ ಇದ್ದರೆ, ಹಿರಿಯರೋ ಚಿಕ್ಕ ಮಕ್ಕಳೋ ಜೊತೆಗಿದ್ದರೆ, ಹೆಸರು ಗೊತ್ತಿರೋ, ರದ್ದು ಮಾಡಬಹುದಾದ ಹೋಟೆಲನ್ನೇ ತಗೊಳ್ಳಿ.

ಅಪ್ಪ ಊರಲ್ಲಿ ಎಲ್ಲರಿಗೂ “ನ್ಯೂಯಾರ್ಕಲ್ಲಿ ನಾಲ್ಕು ಸ್ಟಾರ್ ಹೋಟೆಲಲ್ಲಿ ಇಳಿಸಿದ್ಲು ಮಗಳು” ಅಂತ ಹೇಳ್ತಾರೆ. ನೆಲದ ವಿಷಯ ಇವತ್ತಿಗೂ ಯಾರಿಗೂ ಹೇಳಿಲ್ಲ.

ಮುಂದಿನ ತಿಂಗಳು ಅವರು ಮತ್ತೆ ಬರ್ತಿದ್ದಾರೆ. ಈ ಸಲ ವಾಷಿಂಗ್ಟನ್. ಮೆಟ್ರೊ ಸ್ಟೇಷನ್ ಪಕ್ಕದಲ್ಲೇ ಇರೋ ಹೋಟೆಲ್, ಎರಡು ಮಂಚ, ಮಲಗೋದಕ್ಕಲ್ಲದೆ ಕೂರೋಕೂ ಜಾಗ ಇರೋ ರೂಮು. ಎರಡು ಸಲ ಫೋನ್ ಮಾಡಿ ಖಚಿತ ಮಾಡಿಕೊಂಡೆ. ಮೊನ್ನೆ ವಿಡಿಯೊ ಕಾಲ್‌ನಲ್ಲಿ ಅಪ್ಪ ಕೇಳಿಯೇ ಬಿಟ್ಟರು: “ಎಷ್ಟಾಯ್ತು?”

“ಆಫರ್ ಇತ್ತಪ್ಪ” ಅಂದೆ.