ಕೀಲುಗೊಂಬೆ ಕೊಳ್ಳುವಾಗ

ನವರಾತ್ರಿಗೆ ಹದಿನೈದು ದಿನ ಇದೆ ಅನ್ನುವಾಗ ಅಮ್ಮ ನನ್ನನ್ನು ಜಯನಗರ ನಾಲ್ಕನೇ ಬ್ಲಾಕಿಗೆ ಕರೆದುಕೊಂಡು ಹೋಗುತ್ತಿದ್ದಳು. ಕಾಂಪ್ಲೆಕ್ಸಿನ ಸುತ್ತ ಫುಟ್‌ಪಾತಿನಲ್ಲಿ ಮಣ್ಣಿನ ಗೊಂಬೆ ಹರಡಿಕೊಂಡು ಕೂತವರ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದೇ ಅಚ್ಚಿನ ಏಳೆಂಟು ಕೃಷ್ಣರನ್ನು ಸಾಲಾಗಿ ನಿಲ್ಲಿಸಿ ನೋಡುವಳು. ನನಗೆ ಎಲ್ಲ ಒಂದೇ ಥರ ಕಾಣುತ್ತಿದ್ದವು. "ಅಚ್ಚು ಒಂದೇ ಕಣೋ, ಕೈ ಬೇರೆ ಬೇರೆ. ಕಣ್ಣು ನೋಡು" ಅನ್ನುವಳು. ನೋಡಿದರೆ ಹೌದು. ಒಬ್ಬನ ಎರಡು ಕಣ್ಣೂ ಎರಡು ದಿಕ್ಕಿಗಿವೆ. ಇನ್ನೊಬ್ಬನ ರೆಪ್ಪೆಯ ಗೆರೆ ಹಣೆಯ ಕಡೆಗೆ ಜಾರಿದೆ. ಸಾಲಿನ ಕೊನೆಯವನ ನೋಟ ಮಾತ್ರ ಎದುರಿಗೆ ಕೂತವರ ಮೇಲೆ ನೆಟ್ಟಗೆ ಬಿದ್ದಿದೆ. ಅವನು ನಮ್ಮ ಚೀಲಕ್ಕೆ.

ಮೂವತ್ತು ವರ್ಷಗಳಿಂದ ನಾನು ವೈಜ್ಞಾನಿಕ ಕಥೆಗಳ ಗೊಂಬೆಗಳನ್ನು ಕೂಡಿಡುತ್ತಿದ್ದೇನೆ. ಸ್ಟಾರ್ ವಾರ್ಸ್‌ನವು, ಟರ್ಮಿನೇಟರ್, ರೋಬೋಕಾಪ್, ದೂರದರ್ಶನದ ದಿನಗಳ ಹೀ-ಮ್ಯಾನ್. ಇವುಗಳ ಗುಣ ಅಳೆಯಲು ಏನೇನೋ ಓದಿದೆ, ಕೇಳಿದೆ. ಆ ಫುಟ್‌ಪಾತಿನ ಪಾಠದಷ್ಟು ಕೆಲಸಕ್ಕೆ ಬಂದದ್ದು ಬೇರೊಂದಿಲ್ಲ. ಅಮೆರಿಕದಲ್ಲಿ ಇವನ್ನು ಗೊಂಬೆ ಎಂದು ಕರೆಯಲು ಹಿಂಜರಿದರು. 1964ರಲ್ಲಿ ಹ್ಯಾಸ್‌ಬ್ರೋ ಕಂಪನಿ ಜಿ.ಐ. ಜೋ ಸೈನಿಕನನ್ನು ತಂದಾಗ, ಗೊಂಬೆ ಅಂದರೆ ಗಂಡುಹುಡುಗರು ಮುಟ್ಟುವುದಿಲ್ಲ ಎಂದು ಅಂಜಿ 'ಆ್ಯಕ್ಷನ್ ಫಿಗರ್' ಎಂಬ ಹೆಸರು ಕಟ್ಟಿತು. ಕನ್ನಡಕ್ಕೆ ಆ ಅಂಜಿಕೆ ಇಲ್ಲ. ಪಟ್ಟದ ಗೊಂಬೆಯೂ ಗೊಂಬೆ, ಯಕ್ಷಗಾನದ್ದೂ ಗೊಂಬೆ, ಚನ್ನಪಟ್ಟಣದ್ದೂ ಗೊಂಬೆ. ಕೈಕಾಲು ಮಡಚುವಂಥದ್ದಕ್ಕೆ ಕೀಲುಗೊಂಬೆ ಅನ್ನುವ ಮಾತೂ ನಮ್ಮಲ್ಲೇ ಇದೆ. ಹೆಸರು ಒಂದೇ ಆದಮೇಲೆ ಅಳತೆಗೋಲೂ ಒಂದೇ ಇರಲಿ ಎಂಬುದು ನನ್ನ ಪಕ್ಷ.

ಆಷಾಢದ ಒಂದು ಭಾನುವಾರ ಬಿಟಿಎಂ ಲೇಔಟಿನ ಹುಡುಗನೊಬ್ಬ ಆರಿಂಚಿನ ಲೂಕ್ ಸ್ಕೈವಾಕರ್ ಕೊಡುತ್ತೇನೆ ಅಂದ. 2017ರಲ್ಲಿ ಹಸಿರು ಮಾರ್ಗದ ಮೆಟ್ರೊ ಯಲಚೇನಹಳ್ಳಿವರೆಗೆ ಓಡಲು ಶುರುವಾದಾಗಿನಿಂದ ನಮ್ಮ ಕೊಡು-ಕೊಳ್ಳುವಿಕೆಯೆಲ್ಲ ಸ್ಟೇಷನ್ನಿನ ಹತ್ತಿರವೇ. ಜೆಪಿ ನಗರದವರು, ಬನಶಂಕರಿಯವರು ಇಳಿದು ಬರುತ್ತಾರೆ, ಕೈಯಲ್ಲಿ ಹಿಡಿದು ನೋಡುತ್ತಾರೆ, ಹೋಗುತ್ತಾರೆ. ನಾನು ಜಯನಗರ ಸ್ಟೇಷನ್ನಿನ ಹೊರಗೆ ಮರದ ಕೆಳಗಿನ ಕಲ್ಲುಬೆಂಚನ್ನು ಆರಿಸಿಕೊಂಡೆ. ಮೋಡ ಕವಿದಿತ್ತು. ಗೊಂಬೆ ನೋಡಲು ಮೋಡದ ಬೆಳಕಿನಷ್ಟು ಒಳ್ಳೆಯ ಬೆಳಕಿಲ್ಲ. ಬಿಸಿಲಿನಲ್ಲಿ ನೆರಳು ಬಿದ್ದು ಮೂಗಿನ ಪಕ್ಕದ ತಪ್ಪು ಮುಚ್ಚಿಹೋಗುತ್ತದೆ. ಅಂಗಡಿಯ ಎಲ್‌ಇಡಿ ದೀಪದಲ್ಲಿ ಕೆಟ್ಟ ಬಣ್ಣವೂ ಹೊಳೆಯುತ್ತದೆ.

ಮೊದಲು ತೋಳಳತೆಯ ದೂರದಲ್ಲಿ ಹಿಡಿದು ನೋಡಿದೆ, ಆಮೇಲೆ ಭೂತಕನ್ನಡಿ. ಹಿಂದೆ ಈ ಮುಖಗಳ ಕಣ್ಣು ಹುಬ್ಬುಗಳನ್ನು ಟ್ಯಾಂಪೊ ಎಂಬ ವಿಧಾನದಲ್ಲಿ ಮುದ್ರಿಸುತ್ತಿದ್ದರು. ಲೋಹದ ತಟ್ಟೆಯಲ್ಲಿ ಕೊರೆದ ಚಿತ್ರಕ್ಕೆ ಬಣ್ಣ ತುಂಬಿ, ಮೆತ್ತನೆಯ ಸಿಲಿಕೋನ್ ಗುಂಡು ಅದನ್ನು ಎತ್ತಿಕೊಂಡು ಹೋಗಿ ಮುಖಕ್ಕೆ ಒತ್ತುತ್ತದೆ. ಈಚಿನ ಗೊಂಬೆಗಳಲ್ಲಿ ಫೋಟೊವನ್ನೇ ಮುದ್ರಿಸಿದಂತೆ ಸಣ್ಣ ಸಣ್ಣ ಚುಕ್ಕಿಗಳಲ್ಲಿ ಮುಖ ಬರುತ್ತದೆ. ಬರಿಗಣ್ಣಿಗೆ ಜೀವಂತ ಚರ್ಮ, ಕನ್ನಡಿಯಡಿ ಪತ್ರಿಕೆಯ ಫೋಟೊದ ಹಾಗೆ ಕೆಂಪು, ಹಳದಿ, ನೀಲಿ ಚುಕ್ಕಿಗಳ ಹುಡಿ. ವಿಧಾನ ಯಾವುದೇ ಇರಲಿ, ಎರಡು ಮೂರು ಮಿಲಿಮೀಟರ್ ಅಗಲದ ಕಣ್ಣಿನಲ್ಲಿ ಬಣ್ಣ ಕೂದಲೆಳೆಯಷ್ಟು ಜಾರಿದರೆ ವೀರ ಹೋಗಿ ದಿಗ್ಭ್ರಾಂತನಾಗುತ್ತಾನೆ. ಶಿಲ್ಪಿಗಳು ದೇವರ ಕಣ್ಣು ತೆರೆಸುವುದನ್ನು ಕಟ್ಟಕಡೆಗೆ, ಅಷ್ಟು ನೇಮದಿಂದ ಮಾಡುವುದು ಸುಮ್ಮನೆ ಅಲ್ಲ. ಈ ಲೂಕನ ಬಲಗಣ್ಣು ಎಡಗಣ್ಣಿಗಿಂತ ಎಳೆಯಷ್ಟು ಕೆಳಗಿತ್ತು. ಎದುರಿನಿಂದ ಗೊತ್ತಾಗುತ್ತಿತ್ತು, ತಲೆಯನ್ನು ತುಸು ಎಡಕ್ಕೆ ತಿರುಗಿಸಿದರೆ ಕಾಣುತ್ತಿರಲಿಲ್ಲ. ಅದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ಕಣ್ಣಾದಮೇಲೆ ಕೀಲು. ಇಲ್ಲಿ ಅವಸರ ಮಾಡಬಾರದು. ಹೊಸ ಗೊಂಬೆಯ ಮೊಣಕೈಯಲ್ಲಿ ಬಣ್ಣ ಒಣಗಿ ಕೀಲು ಕಚ್ಚಿಕೊಂಡಿರುವುದುಂಟು. ಬಲ ಹಾಕಿ ತಿರುಗಿಸಿದರೆ ಒಳಗಿನ ಗೂಟ ತಟ್ಟನೆ ತಿರುಚಿ ಮುರಿಯುತ್ತದೆ. ಕೈ ಸುಡದಷ್ಟು ಬಿಸಿ ನೀರಿನಲ್ಲಿ ಒಂದೆರಡು ನಿಮಿಷ ಇಟ್ಟರೆ ಪ್ಲಾಸ್ಟಿಕ್ ಮೆದುವಾಗಿ ತಾನೇ ಬಿಡುತ್ತದೆ. ಒಳ್ಳೆಯ ಕೀಲು ಹೇಗಿರಬೇಕು ಎಂದು ನನಗೆ ತಿಳಿದದ್ದು ತೊಂಬತ್ತರ ದಶಕದ ಫನ್‌ಸ್ಕೂಲ್ ಗೊಂಬೆಗಳಿಂದ. ಎಂಆರ್‌ಎಫ್ ಮತ್ತು ಹ್ಯಾಸ್‌ಬ್ರೋ ಸೇರಿ 1987ರಲ್ಲಿ ಕಟ್ಟಿದ ಕಂಪನಿ ಅದು. ಅದರ ಗೋವಾ ಕಾರ್ಖಾನೆಯಲ್ಲಿ ತಯಾರಾದ ಮೂರೂ ಮುಕ್ಕಾಲು ಇಂಚಿನ ಜಿ.ಐ. ಜೋಗಳೇ ನನ್ನ ವಯಸ್ಸಿನ ಅನೇಕರಿಗೆ ಮೊದಲ ಸಂಗ್ರಹ. ಆ ಪುಟ್ಟ ದೇಹದ ಎದೆ, ಸೊಂಟ, ಕಾಲು ಮೂರನ್ನೂ ಹಿಡಿದಿಟ್ಟದ್ದು ಹೊಟ್ಟೆಯೊಳಗಿನ ಒಂದೇ ಒಂದು ರಬ್ಬರ್ ಉಂಗುರ. ಅದು ಚೆನ್ನಾಗಿರುವ ತನಕ ಗೊಂಬೆ ಬಗ್ಗುತ್ತದೆ, ತಿರುಗುತ್ತದೆ, ಬಿಟ್ಟ ಭಂಗಿಯಲ್ಲೇ ನಿಲ್ಲುತ್ತದೆ. ವರ್ಷಗಳು ಕಳೆದು ರಬ್ಬರ್ ಒಣಗಿತೋ, ಒಂದು ದಿನ ಎತ್ತಿಕೊಂಡಾಗ ಕಾಲೆರಡೂ ಕಳಚಿ ಬೀಳುತ್ತವೆ. ಬೆನ್ನಿನ ಸ್ಕ್ರೂ ಬಿಚ್ಚಿ, ಕೊಳಾಯಿ ಸಾಮಾನಿನ ಅಂಗಡಿಯಿಂದ ತಂದ ಉಂಗುರ ಹಾಕಿ ನಾನು ಎಷ್ಟೋ ಸೈನಿಕರನ್ನು ಎಬ್ಬಿಸಿ ನಿಲ್ಲಿಸಿದ್ದೇನೆ. ಬಿಚ್ಚಿ ರಿಪೇರಿ ಮಾಡಲು ಬರುವಂಥ ಗೊಂಬೆಯನ್ನು ನಾನು ಯಾವತ್ತೂ ಒಂದು ಕೈ ಮೇಲೆ ಇಡುತ್ತೇನೆ. ಅವುಗಳ ಹೆಬ್ಬೆರಳು ಮಾತ್ರ ಬಹಳ ನಾಜೂಕು, ಬಂದೂಕು ಹಿಡಿಸಲು ಹೋಗಿ ಮುರಿದವು ಮತ್ತೆ ಕೂಡುವುದಿಲ್ಲ.

ಲೂಕನ ಭುಜ, ಮೊಣಕೈ, ಮಂಡಿ ಎಲ್ಲವನ್ನೂ ಬೆರಳ ತುದಿಯಲ್ಲಿ ಆಡಿಸಿದೆ. ಬೆಣ್ಣೆಯ ಹಾಗೆ ಜಾರಬಾರದು, ಕಿರುಗುಟ್ಟಲೂ ಬಾರದು. ಹಳೇ ಮನೆಯ ತೇಗದ ಬಾಗಿಲಿನ ಕೀಲಿನ ಹಾಗೆ, ತಳ್ಳಿದಷ್ಟು ಹೋಗಿ ಬಿಟ್ಟಲ್ಲಿ ನಿಲ್ಲಬೇಕು. ಹಾಗೇ ಇತ್ತು. ಮೊಣಕೈ ಪೂರ್ತಿ ಮಡಚಿ ಒಳಗಡೆ ನೋಡಿದೆ. ಮೋಸ ಕಾಣುವ ಜಾಗ ಅದು. ಕಪ್ಪು ಅಂಗಿಯ ತೋಳನ್ನು ಬಿಳಿ ಪ್ಲಾಸ್ಟಿಕ್ಕಿನಲ್ಲಿ ಎರೆದು ಮೇಲೆ ಕಪ್ಪು ಬಳಿದಿದ್ದರೆ, ಹತ್ತು ಸಲ ಮಡಚುವಷ್ಟರಲ್ಲಿ ಬಣ್ಣ ಸವೆದು ಬಿಳಿ ಹಲ್ಲು ಕಿರಿಯುತ್ತದೆ. ಒಳ್ಳೆಯ ತಯಾರಕ ಉಜ್ಜುವ ಭಾಗವನ್ನು ಅದೇ ಬಣ್ಣದ ಪ್ಲಾಸ್ಟಿಕ್ಕಿನಲ್ಲೇ ಎರೆಯುತ್ತಾನೆ. ಈ ಮಾತು ನಮ್ಮ ಚನ್ನಪಟ್ಟಣದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಿರುಗುವ ಹಾಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ, ಉಜ್ಜುವ ಬಿಸಿಗೇ ಅರಗು ಕರಗಿ ಮರವನ್ನು ಕಚ್ಚಿಕೊಳ್ಳುತ್ತದೆ. ಎಲೆಯಿಂದ ತೀಡಿ ಮೆರುಗು ಕೊಡುತ್ತಾರೆ. ಬಳಿದ ಬಣ್ಣವಲ್ಲ ಅದು, ಹತ್ತಿದ ಬಣ್ಣ. ನನ್ನ ಅಕ್ಕನ ಮೊಮ್ಮಗ ಹಲ್ಲು ಬರುವಾಗ ಕಚ್ಚಿದ ಚನ್ನಪಟ್ಟಣದ ಗಿಲಕಿಯಲ್ಲಿ ಹಲ್ಲಿನ ಗುರುತು ಬಿದ್ದಿದೆ, ಬಣ್ಣ ಬಿಟ್ಟಿಲ್ಲ. ಸಾವಿರಾರು ರೂಪಾಯಿಯ ಗೊಂಬೆಯನ್ನು ನೋಡುವಾಗಲೂ ನಾನು ಆ ಗಿಲಕಿಯನ್ನೇ ನೆನೆಯುತ್ತೇನೆ.

ಬೆಲೆಯ ಮಾತು ಬಂತಲ್ಲ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ನಮ್ಮ ಗೊಂಬೆ ಕೆಲಸದವರಿಗೆ ಅದರಿಂದ ಅನುಕೂಲವಾದರೆ ನನಗೆ ಸಂತೋಷವೇ. ಆದರೆ ಅಸಲಿ ತುಟ್ಟಿಯಾದಷ್ಟೂ ನಕಲಿಗೆ ದಾರಿ ಅಗಲ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದರೂ, ಆ ನಿಯಮ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗೆ. ಸಂಗ್ರಾಹಕರ ಗೊಂಬೆಯ ಪೆಟ್ಟಿಗೆಯ ಮೇಲೆ ದೊಡ್ಡವರಿಗೆ ಎಂದು ವಯಸ್ಸು ಬರೆದಿರುತ್ತದೆ. ಹಾಗಾಗಿ ಪರೀಕ್ಷೆಯ ಹೊಣೆ ಕೊಳ್ಳುವವನ ಮೇಲೆ ಬೀಳುತ್ತದೆ. ಒಮ್ಮೆ ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರನಿಂದ ಟರ್ಮಿನೇಟರ್ ತರಿಸಿದೆ. ಪೆಟ್ಟಿಗೆ ತೆರೆದರೆ ಸೀಮೆಎಣ್ಣೆಯಂಥ ಘಾಟು. ಅಂಗಾಲಿನಲ್ಲಿ ಕಂಪನಿಯ ಹೆಸರು, ವರ್ಷ ಇರಬೇಕಾದ ಕಡೆ ಅಳಿಸಿದಂಥ ಕಲೆ. ಮನೆಯಲ್ಲಿದ್ದ ಅಸಲಿಯ ಪಕ್ಕ ನಿಲ್ಲಿಸಿದರೆ ಒಂದು ಅಕ್ಕಿಕಾಳಿನಷ್ಟು ಗಿಡ್ಡ. ಅಸಲಿ ಗೊಂಬೆಯಿಂದಲೇ ಅಚ್ಚು ತೆಗೆದು ಎರೆದರೆ, ಪ್ಲಾಸ್ಟಿಕ್ ಆರುವಾಗ ಕುಗ್ಗಿ ಹೀಗೆ ಗಿಡ್ಡವಾಗುತ್ತದೆ, ಗೆರೆಗಳೂ ಮಸಕಾಗುತ್ತವೆ. ಸಂಜೆಯೊಳಗೆ ಮೊಣಕೈ ಮುರಿಯಿತು. ಹಣ ವಾಪಸು ಬರಲಿಲ್ಲ. ಹಣಕ್ಕಿಂತ ಹೆಚ್ಚಾಗಿ, ಅಷ್ಟು ಇಷ್ಟಪಟ್ಟ ಪಾತ್ರವನ್ನು ಯಾರೋ ಅಷ್ಟು ಉದಾಸೀನದಿಂದ ಮಾಡಿದ್ದಾರಲ್ಲ ಎಂದು ಸಂಕಟವಾಯಿತು.

ಮನೆಗೆ ತಂದಮೇಲೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಪಡುವಣ ಕಿಟಕಿಯ ಬಿಸಿಲು ಬೇಡ, ಬಿಳಿ ರಕ್ಷಾಕವಚಗಳು ಹಳದಿಯಾಗುತ್ತವೆ. ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ವರ್ಷಗಟ್ಟಲೆ ಇಟ್ಟ ಮೆದು ಗೊಂಬೆ ಬೆವರಿದಂತೆ ಅಂಟಂಟಾಗುತ್ತದೆ, ಸೋಪಿನ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಗಾಳಿಗೆ ಇಟ್ಟರೆ ಸಾಕು.

ಕಲ್ಲುಬೆಂಚಿನ ಮೇಲೆ ಕೊನೆಗೆ ಉಳಿದದ್ದು ನಿಲುವು. ನಾನು ಯಾವ ಆಧಾರವನ್ನೂ ಕೊಡದೆ ಲೂಕನನ್ನು ನಿಲ್ಲಿಸಿದೆ. ಕಣಕಾಲಿನ ಕೀಲು ಸಡಿಲವಿದ್ದರೆ ಗೊಂಬೆ ಮೊದಲ ನಿಮಿಷ ನಿಂತು, ಕಾಣದಂತೆ ಮುಂದಕ್ಕೆ ವಾಲುತ್ತ ಹೋಗಿ ಮುಗ್ಗರಿಸುತ್ತದೆ. ಮೆಟ್ರೊ ಎರಡು ಸಲ ತಲೆಯ ಮೇಲೆ ಹಾದುಹೋಯಿತು. ಇವನು ಅಲುಗಲಿಲ್ಲ. ಬಲಗಣ್ಣಿನ ವಿಷಯ ಹುಡುಗನಿಗೆ ತೋರಿಸಿದೆ, ಅವನೂ ಕನ್ನಡಿ ಹಿಡಿದು ನೋಡಿ ಒಪ್ಪಿಕೊಂಡು ಬೆಲೆಯಲ್ಲಿ ಒಂದಿಷ್ಟು ಬಿಟ್ಟ.

ಆ ನವರಾತ್ರಿಗೆ ಅಮ್ಮನ ಪಟ್ಟದ ಗೊಂಬೆಗಳ ಕೆಳಗಿನ ಮೂರನೇ ಮೆಟ್ಟಿಲಿನಲ್ಲಿ, ಕೃಷ್ಣನ ಪಕ್ಕ, ತಲೆಯನ್ನು ತುಸು ಎಡಕ್ಕೆ ತಿರುಗಿಸಿ ಅವನನ್ನು ನಿಲ್ಲಿಸಿದೆ. ವಿಜಯದಶಮಿಯ ರಾತ್ರಿ ರಾಜ ರಾಣಿಯರನ್ನು ಮಲಗಿಸುವ ಹೊತ್ತಿಗೂ ಅವನು ಇಟ್ಟ ಜಾಗದಲ್ಲಿ ಇಟ್ಟ ಹಾಗೇ ನಿಂತಿದ್ದ.