ಹೊಳನಗದ್ದೆಯ ಗೇರುಗುಡ್ಡ

ಕಳೆದ ಚೈತ್ರಮಾಸದಲ್ಲಿ ನಾವು ಕುಮಟಾ ತಾಲೂಕಿನ ಹೊಳನಗದ್ದೆಗೆ ಹೋಗಿದ್ದೆವು. ಅಲ್ಲಿ ನಮ್ಮ ತಂಗಿಯ ಮನೆ. ಕೆಳಗೆ ಗದ್ದೆ, ಗದ್ದೆಯ ಅಂಚಿಗೆ ತೆಂಗು, ಅದರ ಮೇಲೆ ಕೆಂಪುಕಲ್ಲಿನ ಗುಡ್ಡ. ಕಡಲತೀರದ ನಮ್ಮ ಸೀಮೆಯ ಅನೇಕ ಮನೆಗಳು ಹೀಗೆಯೇ ಇರುವವು. ಗುಡ್ಡವನ್ನೇರುವಾಗ ಕಣ್ಣಿಗಿಂತ ಮೊದಲು ಮೂಗಿಗೇ ಗೇರುಹಣ್ಣಿನ ಪರಿಚಯವಾಯಿತು. ಹಳದಿ, ಕೆಂಪು ಹಣ್ಣುಗಳು ಒಣಗಿದ ದರಕಿನ ಮೇಲೆ ಉದುರಿದ್ದವು. ತಂಗಿಯು ಬುಟ್ಟಿಯನ್ನಿಟ್ಟುಕೊಂಡು ಬೀಜಗಳನ್ನು ತಿರುವಿ ತೆಗೆಯುತ್ತಿದ್ದಳು.

ನಾವು ಹೋದುದು ಹಣ್ಣಿನ ಆಶೆಯಿಂದಲ್ಲ, ಸೋದರಳಿಯನು ಕರೆಸಿಕೊಂಡಿದ್ದನು. ಅವನ ಅಜ್ಜನು ನೆಟ್ಟ ಮರಗಳಲ್ಲಿ ಕೆಲವು ಒಣಗುತ್ತಿದ್ದವು. ಚಿರೆಕಲ್ಲು ಕಡಿಸುವವನೊಬ್ಬನು ಬಂದು ಗುಡ್ಡಕ್ಕೆ ಬೆಲೆ ಹೇಳಿ ಹೋಗಿದ್ದನು.

"ಮಾವ, ಬೀಜದ ಹಣವೆಲ್ಲ ಹೆಕ್ಕುವವರ ಕೂಲಿಗೇ ಸರಿಹೋಗುತ್ತದೆ. ಕಲ್ಲಿಗೆ ಕೊಟ್ಟರೆ ಸಾಲ ತೀರುತ್ತದೆ. ನೀವೇ ಹೇಳಿ," ಎಂದನು. ಅವನ ಮಾತು ಸುಳ್ಳಾಗಿರಲಿಲ್ಲ; ಆದುದರಿಂದಲೇ ಉತ್ತರವು ಸುಲಭವಾಗಿರಲಿಲ್ಲ.

ಸಂಸ್ಕೃತವನ್ನೋದಿದ ನಮಗೆ ಗೇರು ಎಂದೊಡನೆ ಭಲ್ಲಾತಕವು ನೆನಪಾಗುತ್ತದೆ. ವೈದ್ಯರು ಔಷಧಕ್ಕೂ ಅಗಸರು ಬಟ್ಟೆಯ ಗುರುತಿಗೂ ಬಳಸುತ್ತಿದ್ದ ಆ ಕರಿಗೇರು ನಮ್ಮ ಕಾಡಿನದೇ. ಇಂದು ನಾವು ಗೇರೆನ್ನುವ ಮರವಾದರೋ ಬ್ರೆಜಿಲ್ ದೇಶದ್ದು. 16ನೆಯ ಶತಮಾನದಲ್ಲಿ ಪೋರ್ತುಗೀಜರ ಮೂಲಕ ಬಂದುದು. ಎರಡೂ ಮಾವಿನ ಕುಲಕ್ಕೆ ಸೇರಿದವು. ಎರಡರ ಸಿಪ್ಪೆಯಲ್ಲಿಯೂ ಚರ್ಮವನ್ನು ಸುಡುವ ರಸವುಂಟು. ಈ ಸಾಮ್ಯವನ್ನು ಕಂಡೇ ನಮ್ಮ ಹಿರಿಯರು ಹಳೆಯ ಹೆಸರನ್ನು ಹೊಸ ಅತಿಥಿಗೆ ಕೊಟ್ಟಿರಬೇಕು.

ಈ ಅತಿಥಿಯು ಉಂಡ ಮನೆಯ ಋಣವನ್ನು ತೀರಿಸಿದೆ. ಉಳುಮೆಯನ್ನು ಬೇಡದು, ಬೇರೆ ಬೆಳೆ ಬಾರದ ಕಲ್ಲುನೆಲದಲ್ಲಿಯೂ ಬೇರಿಳಿಸಿ ಮಣ್ಣನ್ನು ಹಿಡಿಯುವುದು. ಕಸಿ ಗಿಡವಾದರೆ 3ನೆಯ ವರ್ಷದಿಂದ ಫಲಿಸತೊಡಗಿ, ಆರೈಕೆಯಿದ್ದರೆ 25-30 ವರ್ಷಗಳವರೆಗೆ ಲಾಭದಾಯಕವಾಗಿರುವುದು. ತುರ್ಕಿ ದೇಶದಲ್ಲಿ ಕಪ್ಪು ಸಮುದ್ರದ ತೀರದ ಇಳಿಜಾರುಗಳಲ್ಲಿ ಹೇಜಲ್ ಎಂಬ ಬೀಜದ ಪೊದೆಗಳನ್ನು ಬೆಳೆಸಿ ಒಕ್ಕಲು ಮನೆತನಗಳು ತಲೆಮಾರುಗಳಿಂದ ಬಾಳುತ್ತಿವೆ. ಅವರಿಗೆ ಹೇಜಲ್ ಹೇಗೋ ನಮ್ಮ ಕರಾವಳಿಗೆ ಗೇರು ಹಾಗೆ.

ಅಳಿಯನೊಡನೆ ಒಣಗಿದ ಮರಗಳ ಬಳಿಗೆ ಹೋದೆವು. ಬುಡದಲ್ಲಿ ಅಂಟು ಒಸರಿ, ಕೊರೆದ ಹುಡಿ ಬಿದ್ದಿತ್ತು. ಕತ್ತಿಯಿಂದ ತೊಗಟೆಯನ್ನು ಎಬ್ಬಿಸಲು ಒಳಗೆ ಬಿಳಿಯ ಹುಳು ಕಂಡಿತು. ಮರವನ್ನು ಕೊಲ್ಲುತ್ತಿದ್ದುದು ಮುಪ್ಪಲ್ಲ, ಕಾಂಡಕೊರಕ.

ಇದು ನಮಗೆ ಹೊಸತಲ್ಲ. ಉಪಾಧ್ಯಾಯ ವೃತ್ತಿಯಲ್ಲಿದ್ದಾಗ ನಮ್ಮ ಪಾಲಿನ ಬೇಣಕ್ಕೆ ನಾವು ಬೀಜದ ಕಾಲದಲ್ಲಿ ಮಾತ್ರ ಹೋಗುತ್ತಿದ್ದೆವು. ಮೊದಲು ಸತ್ತ ಮರವನ್ನು, ಸೌದೆಗಾದೀತೆಂದು ಅಲ್ಲಿಯೇ ಬಿಟ್ಟೆವು. ಅದರೊಳಗಿನ ಹುಳುಗಳು ದುಂಬಿಗಳಾಗಿ ಹಾರಿ ನೆರೆಯ ಮರಗಳನ್ನು ಹಿಡಿದವು. 5 ವರ್ಷಗಳಲ್ಲಿ 11 ಮರಗಳು ಹೋದವು. ಮಕ್ಕಳಿಗೆ ಶ್ರದ್ಧೆಯ ಪಾಠ ಹೇಳುತ್ತಿದ್ದ ನಾವೇ ಅದನ್ನು ಕಲಿತಿರಲಿಲ್ಲ.

ಈ ಕಥೆಯನ್ನು ಅಳಿಯನಿಗೆ ಮುಚ್ಚಿಡದೆ ಹೇಳಿದೆವು. ಸತ್ತ ಮರವನ್ನು ಬೇರುಸಹಿತ ತೆಗೆದು ಸಾಗಿಸಬೇಕು; ರೋಗವು ಆಗತಾನೆ ತಗಲಿದ ಮರದಿಂದ ಹುಳುವನ್ನು ಕೆತ್ತಿ ತೆಗೆಯಬೇಕು; ದರಕನ್ನು ಸುಡದೆ ಬುಡಕ್ಕೆ ಮುಚ್ಚಬೇಕು; ತೆರವಾದಲ್ಲಿ ಮಳೆ ಹಿಡಿದೊಡನೆ 25 ಅಡಿಗೊಂದು ಕಸಿ ಗಿಡ ನೆಡಬೇಕು. ಪುತ್ತೂರಿನಲ್ಲಿ 1986ರಲ್ಲಿ ಸ್ಥಾಪಿತವಾದ ಗೇರು ಸಂಶೋಧನ ಕೇಂದ್ರವು ಈ ಬೆಳೆಗಾಗಿಯೇ ಇದೆ.

"ಹೂವಿಗೆ ಟೀ ಸೊಳ್ಳೆ ಬಿದ್ದರೆ? ದರ ಇಳಿದರೆ?" ಎಂದು ಅಳಿಯನು ಕೇಳಿದನು.

"ಬೀಳಬಹುದು, ಇಳಿಯಲೂಬಹುದು ತಮ್ಮಾ. ದರವು ನಮ್ಮ ಕೈಯಲ್ಲಿಲ್ಲ. ಆದರೆ ಕಲ್ಲನ್ನು ಒಮ್ಮೆ ಮಾತ್ರ ಮಾರಬಹುದು," ಎಂದೆವು.

ಅಷ್ಟರವರೆಗೆ ಸುಮ್ಮನಿದ್ದ ತಂಗಿಯು, "ಅಣ್ಣಾ, ಆ ಗುಡ್ಡದಲ್ಲಿ ಇಂಗಿದ ನೀರೇ ನಮ್ಮ ಬಾವಿಗೆ ಇಳಿಯುವುದು. ಅಲ್ಲಿ ಹೊಂಡ ತೋಡಿದ ಮೇಲೆ ಬೇಸಗೆಯಲ್ಲಿ ನಾನು ಕೊಡ ಹಿಡಿದು ಯಾರ ಮನೆಗೆ ಹೋಗಲಿ?" ಎಂದಳು. ಅಳಿಯನು ತಾಯಿಯ ಮುಖವನ್ನು ನೋಡಿ ತಲೆ ತಗ್ಗಿಸಿದನು.

ಸಾಲವು ಹಾಗೆಯೇ ಇದೆ. ಅದನ್ನು ಮಾತಿನಿಂದ ತೀರಿಸಲಾಗದು. 40 ಕಸಿ ಗಿಡಗಳ ಖರ್ಚನ್ನು ನಮ್ಮ ನಿವೃತ್ತಿವೇತನದಿಂದ ಕೊಡಲು ಒಪ್ಪಿದೆವು. ಕಲ್ಲಿನವನಿಗೆ ಈ ವರ್ಷ ಬೇಡವೆಂದು ಹೇಳುವುದಾಗಿ ಅಳಿಯನು ಒಪ್ಪಿದನು.

ಗುಡ್ಡವುಳ್ಳ ಗೃಹಸ್ಥರಲ್ಲಿ ನಮ್ಮ ವಿನಂತಿಯಿಷ್ಟೆ: ಬೀಜ ಹೆಕ್ಕುವಾಗ ಮಾತ್ರವಲ್ಲ, ಉಳಿದ ತಿಂಗಳುಗಳಲ್ಲಿಯೂ ಒಮ್ಮೊಮ್ಮೆ ಹೋಗಿ ಮರದ ಬುಡವನ್ನು ಬಗ್ಗಿ ನೋಡಿರಿ.