ಆರು ತಿಂಗಳ ಬಾಡಿಗೆದಾರರು

ಇವತ್ತು ಬೆಳಿಗ್ಗೆ ಹಾಲು ತರಲು ಹೋದಾಗ ನಮ್ಮ ಹಿಂದಿನ ಕ್ರಾಸಿನ ಮನೆಯೊಂದರ ಗೇಟಿಗೆ ಹೊಸ ಟು-ಲೆಟ್ ಬೋರ್ಡು ಬಿದ್ದಿತ್ತು. ಒಂದು ರೂಮು, ಅಡುಗೆಮನೆ, ಕಾವೇರಿ ನೀರು, ಬೋರ್‌ವೆಲ್ ನೀರು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ನನ್ನ ಪಾಡಿಗೆ ಹಾಲು ತಂದು ಕಾಫಿ ಬೆರೆಸಿಕೊಳ್ಳುತ್ತಿದ್ದೆ. ಕೆಳಗೆ ಕೆಂಪು ಸ್ಕೆಚ್‌ಪೆನ್ನಿನಲ್ಲಿ ಇನ್ನೊಂದು ಸಾಲಿತ್ತು: ‘ಫಾರಿನ್ ಸ್ಟೂಡೆಂಟ್ಸ್‌ಗೆ ಕೊಡುವುದಿಲ್ಲ.’ ಓದಿ ಮೈ ಉರಿಯಿತು. ಕಾಫಿ ಕುಡಿದ ಮೇಲೂ ಉರಿ ಇಳಿಯಲಿಲ್ಲ.

ಅದಕ್ಕೆ ಕಾರಣವಿದೆ. ನಮ್ಮ ಪಕ್ಕದ ಮನೆಯ ಹುಡುಗಿ ಬರುವ ಏಪ್ರಿಲ್‌ನಿಂದ ಒಂದು ಸೆಮಿಸ್ಟರ್ ಓದಲು ಜರ್ಮನಿಯ ಟ್ಯೂಬಿಂಗನ್‌ಗೆ ಹೊರಟಿದ್ದಾಳೆ. ಸೀಟು ಸಿಕ್ಕಿದೆ, ರೂಮು ಸಿಕ್ಕಿಲ್ಲ. ಟ್ಯೂಬಿಂಗನ್ ನೆಕ್ಕರ್ ನದಿಯ ದಂಡೆಯ ಊರು. ಸುಮಾರು 90 ಸಾವಿರ ಜನ, ಅದರಲ್ಲಿ ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು ವಿದ್ಯಾರ್ಥಿಗಳು. ವಿದ್ಯಾರ್ಥಿನಿಲಯಕ್ಕೆ ಹೆಸರು ಕೊಟ್ಟು ಕಾಯಬೇಕು. ಹೊರಗೆ ಹುಡುಕಿದರೆ, ಫ್ಲ್ಯಾಟಿನಲ್ಲಿ ಮೊದಲೇ ಇರುವ ಹುಡುಗ ಹುಡುಗಿಯರು ವಿಡಿಯೋ ಕರೆಯಲ್ಲಿ ಸಂದರ್ಶನ ಮಾಡುತ್ತಾರೆ. ಅಡುಗೆ ಬರುತ್ತದೆಯೇ, ರಾತ್ರಿ ಗಲಾಟೆ ಮಾಡುತ್ತೀಯಾ, ಬಚ್ಚಲು ತೊಳೆಯುತ್ತೀಯಾ ಎಂದೆಲ್ಲ ಕೇಳುತ್ತಾರೆ. ಈ ಮಗು ಮಧ್ಯಾಹ್ನದ ಹೊತ್ತು ತಲೆ ಬಾಚಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂರುತ್ತದೆ. ಸಂಜೆ ಅವಳಮ್ಮ ಕಾಂಪೌಂಡಿನ ಆಚೆಯಿಂದ, ‘ಅಕ್ಕಾ, ಇವತ್ತೂ ಇಲ್ಲ ಅಂದರಂತೆ. ನಮ್ಮೋರು ಅಂತ ಬೇಡ ಅಂತಾರೋ ಏನೋ’ ಎನ್ನುತ್ತಾರೆ. ಆ ಮಾತನ್ನು ಕಿವಿಯಲ್ಲಿಟ್ಟುಕೊಂಡೇ ನಾನು ಆ ಬೋರ್ಡು ಓದಿದ್ದು.

ಹೊರದೇಶದ ಓದಿನ ಉಳಿದ ಸಂಗತಿಗಳು ಈಗ ಎಲ್ಲರಿಗೂ ಗೊತ್ತಿರುವಂಥವು. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿಯುವುದು, ವೀಸಾಕ್ಕೆ ಸಾಲು ನಿಲ್ಲುವುದು, ಖರ್ಚಿಗಾಗಿ ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಹಣ ತೋರಿಸುವುದು, 23 ಕೆ.ಜಿ. ಪೆಟ್ಟಿಗೆಯಲ್ಲಿ ಚಟ್ನಿಪುಡಿಗೆ ಜಾಗ ಹುಡುಕುವುದು. 2023ರ ಚಳಿಗಾಲದ ಸೆಮಿಸ್ಟರಿನಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಭಾರತೀಯರು ಸುಮಾರು 49 ಸಾವಿರ. ಹೊರದೇಶಗಳಿಂದ ಅಲ್ಲಿಗೆ ಬಂದವರಲ್ಲಿ ನಮ್ಮವರದೇ ದೊಡ್ಡ ಗುಂಪು. ಇದನ್ನೆಲ್ಲ ಹೇಳಲು ಬೇಕಾದಷ್ಟು ಜನರಿದ್ದಾರೆ. ನನ್ನ ತಲೆಯಲ್ಲಿ ಕುಳಿತಿರುವುದು ರೂಮು. ಪರವೂರಿನಲ್ಲಿ ಓದುವ ಮಗುವಿಗೆ ಅರ್ಧ ಪಾಠ ಕಲಿಸುವವರು ಮನೆ ಕೊಟ್ಟವರೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಉಳಿದರ್ಧಕ್ಕೆ ವಿಶ್ವವಿದ್ಯಾಲಯವಿದೆ.

ನಮ್ಮ ಬಾಣಸವಾಡಿ, ಕಮ್ಮನಹಳ್ಳಿ, ಕಲ್ಯಾಣನಗರ, ಹೆಣ್ಣೂರಿನ ಉದ್ದಕ್ಕೂ ಎಷ್ಟೋ ವರ್ಷಗಳಿಂದ ಹೊರದೇಶದ ಮಕ್ಕಳು ಬಂದು ಓದುತ್ತಿದ್ದಾರೆ. ಆಫ್ರಿಕಾದವರಿದ್ದಾರೆ, ಇರಾನಿನವರಿದ್ದಾರೆ, ಯೆಮನ್‌ನವರಿದ್ದಾರೆ. ಇಂಥವರಿಗೆ ಮನೆ ಕೊಟ್ಟವರು 24 ಗಂಟೆಯೊಳಗೆ ಒಂದು ಫಾರ್ಮು ತುಂಬಿ ಸರ್ಕಾರಕ್ಕೆ ತಿಳಿಸಬೇಕು. ಕೂತರೆ ಹತ್ತು ನಿಮಿಷದ ಕೆಲಸ, ಅದನ್ನೇ ನೆಪ ಮಾಡಿ ಬಾಗಿಲು ಹಾಕುವವರಿದ್ದಾರೆ. ಜರ್ಮನಿಯಲ್ಲೂ ಹೀಗೇ. ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ಹೆಸರು ಬರೆಸಬೇಕು, ಅದಕ್ಕೆ ಮಾಲೀಕರ ಸಹಿ ಇರುವ ಕಾಗದ ಬೇಕು. ಇಲ್ಲಾಗಲಿ ಅಲ್ಲಾಗಲಿ, ಮನೆ ಮಾಲೀಕರು ಒಂದು ಸಹಿ ಹಾಕುವವರೆಗೆ ಆ ಮಗುವಿಗೆ ಊರಿನ ಲೆಕ್ಕದಲ್ಲಿ ವಿಳಾಸವೇ ಇಲ್ಲ.

ಇನ್ನು ಅಡ್ವಾನ್ಸು. ಈ ವಿಷಯ ಎತ್ತಿದರೆ ನಾನು ಬೇಗ ನಿಲ್ಲಿಸುವವಳಲ್ಲ. ಜರ್ಮನಿಯ ಕಾನೂನಿನಲ್ಲಿ ಮನೆ ಮಾಲೀಕರು ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡಬಹುದು. ನಮ್ಮ ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸು ಎಂಬುದು ಪದ್ಧತಿಯಾಗಿ ಬೇರು ಬಿಟ್ಟಿತು. ಕೇಂದ್ರ ಸರ್ಕಾರ 2021ರಲ್ಲಿ ಸಿದ್ಧಪಡಿಸಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳು ಸಾಕು ಎನ್ನುತ್ತದೆ. ಓದಲು ಬಂದ ಇಪ್ಪತ್ತರ ಹುಡುಗನ ಹತ್ತಿರ ಹತ್ತು ತಿಂಗಳ ದುಡ್ಡು ಎಲ್ಲಿಂದ ಬರಬೇಕು? ಖಾಲಿ ಮಾಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳದ್ದು ಹಿಡಿದುಕೊಳ್ಳುತ್ತಾರೆ. ಗೋಡೆಯ ಮೇಲೆ ಮೊಳೆ ಹೊಡೆದದ್ದಕ್ಕೆ ಬೇರೆ ಲೆಕ್ಕ. ಊರಿಗೆ ಹೊರಟ ಮಗು ವಿಮಾನದ ದಿನ ಹತ್ತಿರ ಬಂದಾಗ ಜಗಳವಾಡಲಾರದೆ ಸುಮ್ಮನಾಗುತ್ತದೆ. ಹೀಗೆ ಉಳಿಸಿಕೊಂಡ ಹಣ ಯಾವ ಮನೆಗೂ ಏಳಿಗೆ ತರಲಾರದು.

ಅಡ್ವಾನ್ಸು ಹೋಗಲಿ, ಪ್ರಾಣದ ಮಾತಿದೆ. 2016ರ ಜನವರಿ ಕೊನೆಯಲ್ಲಿ ಸೋಲದೇವನಹಳ್ಳಿಯ ಹತ್ತಿರ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಹಲ್ಲೆ ಮಾಡಿತು. ಯಾರದೋ ಅಪಘಾತಕ್ಕೆ ಯಾರೋ ಹುಡುಗಿ ಪೆಟ್ಟು ತಿಂದಳು. ಆ ವಾರ ನಮ್ಮ ಬೀದಿಯ ಅಂಗಡಿಗಳಲ್ಲಿ ಕಪ್ಪು ಮಕ್ಕಳು ಕಾಣಿಸಲೇ ಇಲ್ಲ. ಈಗ ಪಕ್ಕದ ಮನೆಯ ತಾಯಿಯ ಮುಖ ನೋಡುವಾಗಲೆಲ್ಲ, ಎಲ್ಲೋ ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಟಿವಿ ನೋಡುತ್ತ ಕುಳಿತಿದ್ದಿರಬಹುದಾದ ತಾಯಂದಿರ ನೆನಪಾಗುತ್ತದೆ.

ಈ ಊರಿಗೆ ಜರ್ಮನಿಯಿಂದಲೇ ಒಬ್ಬರು ಒಂದು ಸೆಮಿಸ್ಟರಿನಷ್ಟು ಕಾಲ ಇರಲು ಬಂದಿದ್ದರು. ವಿದ್ಯಾರ್ಥಿಯಲ್ಲ, ಭೌತವಿಜ್ಞಾನದ ಮೇಷ್ಟ್ರು: ಮ್ಯಾಕ್ಸ್ ಬಾರ್ನ್. ಯಹೂದಿ ಮೂಲದವರೆಂದು 1933ರಲ್ಲಿ ಗೋಟಿಂಗನ್ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡರು. ಕೇಂಬ್ರಿಡ್ಜಿನಲ್ಲಿ ತಾತ್ಕಾಲಿಕ ಆಸರೆ ಸಿಕ್ಕಿತ್ತು. ಸಿ.ವಿ. ರಾಮನ್ ಕರೆದರೆಂದು 1935ರಲ್ಲಿ ಹೆಂಡತಿ ಹೆಡ್ವಿಗ್ ಜೊತೆ ಬೆಂಗಳೂರಿಗೆ, ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ವಿಜ್ಞಾನ ಸಂಸ್ಥೆಗೆ ಬಂದರು. ಅವರನ್ನು ಇಲ್ಲೇ ಕಾಯಂ ಪ್ರೊಫೆಸರ್ ಮಾಡಿಕೊಳ್ಳಬೇಕೆಂಬುದು ರಾಮನ್ ಆಸೆ. ಆದರೆ ಸಭೆಯಲ್ಲಿ, ಹೊಸದಾಗಿ ಬಂದಿದ್ದ ಇಂಗ್ಲಿಷ್ ಪ್ರೊಫೆಸರೊಬ್ಬರು ಎದ್ದು, ತನ್ನ ದೇಶದಿಂದಲೇ ಹೊರದೂಡಿಸಿಕೊಂಡ ಎರಡನೇ ದರ್ಜೆಯವರು ನಮಗೆ ಸಾಲದು ಎಂಬರ್ಥದ ಮಾತಾಡಿದರು. ಬಾರ್ನ್ ಅಲ್ಲೇ ಕುಳಿತಿದ್ದರು. ಮನೆಗೆ ಹೋಗಿ ಹೆಂಡತಿಯ ಎದುರು ಅತ್ತೆ ಎಂದು ಮುಂದೆ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡರು. 1936ರಲ್ಲಿ ಎಡಿನ್‌ಬರೋ ಅವರನ್ನು ಕರೆಯಿತು, 1954ರಲ್ಲಿ ನೊಬೆಲ್ ಬಂತು. ನೊಬೆಲ್ ಬಾರದೇ ಇದ್ದಿದ್ದರೂ ಆ ಮಾತು ಆಡಬಾರದ ಮಾತೇ. ಒಂದೇ ಊರಿನಲ್ಲಿ ಕರೆದವರೂ ಇದ್ದರು, ತಳ್ಳಿದವರೂ ಇದ್ದರು. ನಾವು ಯಾರ ಕಡೆ ನಿಲ್ಲಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಟ್ಯೂಬಿಂಗನ್‌ನಲ್ಲಿ ನಮ್ಮ ಹುಡುಗಿಗೆ ರೂಮು ಸಿಕ್ಕೇ ಸಿಗುತ್ತದೆ. ಸಿಕ್ಕಿದ ಮೇಲೆ ‘ಕೇರ್‌ವೋಖೆ’ ಇದೆ. ಆ ಸ್ವಾಬಿಯಾ ಸೀಮೆಯಲ್ಲಿ ಬಾಡಿಗೆದಾರರು ವಾರಕ್ಕೊಬ್ಬರ ಸರದಿಯಂತೆ ಮೆಟ್ಟಿಲು, ಮುಂಬಾಗಿಲು, ಬೀದಿಯಂಚು ಗುಡಿಸಬೇಕು. ಯಾರ ವಾರವೋ ಅವರ ಬಾಗಿಲಿಗೆ ಒಂದು ಫಲಕ ತೂಗುಹಾಕುತ್ತಾರೆ. 1492ರಲ್ಲಿ ಸ್ಟುಟ್‌ಗಾರ್ಟ್ ನಗರಕ್ಕೆ ಶುಚಿತ್ವದ ಕಟ್ಟಳೆ ಮಾಡಿದ್ದು ಎಬರ್‌ಹಾರ್ಡ್ ಎಂಬ ದೊರೆ. 1477ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಸ್ಥಾಪಿಸಿದವನೂ ಅವನೇ. ಪುಸ್ತಕಕ್ಕೂ ಪೊರಕೆಗೂ ಒಬ್ಬನೇ ಯಜಮಾನ ಎಂದು ಹೇಳಿದಾಗ ಅವಳಮ್ಮ ಆ ಸಂಕಟದಲ್ಲೂ ನಕ್ಕುಬಿಟ್ಟರು. ಮೆಟ್ಟಿಲು ಗುಡಿಸುವಾಗ ಕೆಳಗಿನ ಮನೆಯ ಅಜ್ಜಿ ಮಾತಿಗೆ ಸಿಗುತ್ತಾರೆ. ಅವರು ಆಡುವುದು ಇಂದಿರಾನಗರದಲ್ಲಿ ಕಲಿಸಿದ ಜರ್ಮನ್ ಆಗಿರುವುದಿಲ್ಲ, ಸ್ವಾಬಿಯಾದ ಆಡುನುಡಿ. ಅದು ಕಿವಿಗೆ ಹತ್ತಿದ ದಿನ ಅವಳ ಸೆಮಿಸ್ಟರ್ ಸಾರ್ಥಕ.

ನಮ್ಮ ಹೆರ್ಮನ್ ಮೊಗ್ಲಿಂಗ್ ಪಾದ್ರಿಗಳು ಕೂಡ ಆ ಕಡೆಯವರೇ. ಬ್ರಾಕೆನ್‌ಹೈಮ್‌ನಲ್ಲಿ ಹುಟ್ಟಿ, ಟ್ಯೂಬಿಂಗನ್‌ನಲ್ಲಿ ಓದಿ, 1836ರಲ್ಲಿ ಕರಾವಳಿಗೆ ಬಂದು, 1843ರ ಹೊತ್ತಿಗೆ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸುವಷ್ಟು ಕನ್ನಡ ಕಲಿತರು. ತುಳು, ಕೊಂಕಣಿ, ಬ್ಯಾರಿ ಎಲ್ಲ ಒಟ್ಟಿಗೆ ಕಿವಿಗೆ ಬೀಳುವ ಪೇಟೆಯಲ್ಲಿ ಅವರ ಕನ್ನಡ ಹೇಗಿತ್ತು? ಸ್ವಾಬಿಯಾದ ಎಳೆತ ಇತ್ತೇ? ಮೀನಿನ ಬೆಲೆಯನ್ನು ಹೇಗೆ ಕೇಳುತ್ತಿದ್ದರು? ಇದೇ ಯೋಚನೆ ಕಮ್ಮನಹಳ್ಳಿಯ ತರಕಾರಿ ಗಾಡಿಗಳ ಹತ್ತಿರವೂ ಬರುತ್ತದೆ. ತಮಿಳು, ತೆಲುಗು, ಮಲಯಾಳದ ನಡುವೆ ನಿಂತು, ‘ಅಣ್ಣಾ, ಟೊಮೇಟೊ ಎಷ್ಟು? ಕಮ್ಮಿ ಮಾಡಿ’ ಎನ್ನುವ ಕಾಂಗೋದ ಹುಡುಗರ ಕನ್ನಡಕ್ಕೆ ತನ್ನದೇ ಒಂದು ಲಯವಿದೆ. ಕೊನೆಯ ಅಕ್ಷರವನ್ನು ಅವರು ಮೇಲಕ್ಕೆಳೆಯುತ್ತಾರೆ, ಗಾಡಿಯವರೂ ಅದೇ ಧಾಟಿಯಲ್ಲಿ ಉತ್ತರ ಕೊಡಲು ಶುರುಮಾಡಿದ್ದಾರೆ. ಯಾರಾದರೂ ಕನ್ನಡ ಎಂ.ಎ. ವಿದ್ಯಾರ್ಥಿಗಳು ಒಂದು ಸೆಮಿಸ್ಟರ್ ಇಲ್ಲಿಗೆ ಬಂದು ಆ ಕನ್ನಡವನ್ನು ರೆಕಾರ್ಡ್ ಮಾಡಿಟ್ಟರೆ ಎಷ್ಟು ಚೆನ್ನ. ಸಂಜೆ ಆರರ ನಂತರ ಬರಬೇಕು, ಆಗ ವ್ಯಾಪಾರ ಜೋರು.